‘ಆಗ್ಲಿ ಸ್ವಾಮಿ’ ಎನ್ನುತ್ತಿದ್ದ ಕಂಬಳಿ ವ್ಯಾಪಾರಿ

ಶೇಂಗಾ ಸುಲಿಯುತ್ತಾ ಕೂತಿದ್ದೆ. ಬೆಂಗಳೂರಿನಿಂದ ಪಕ್ಕದ ಮನೆಯಾಕೆಯ ಫೋನು ಬಂತು. ಚಳ್ಳಕೆರೆ ಸಂತೆಯಲ್ಲಿ ಕಂಬಳಿ ಮಾರುವ ಅವಳ ಗಂಡನನ್ನು ಎದೆನೋವೆಂದು ಬೆಂಗಳೂರಿನ ಆಸ್ಪತ್ರೆಗೆ ಸ್ಕ್ಯಾನಿಗೆ ಕರೆದೊಯ್ದಿದ್ದಳು.

ಯಾರು ಏನಂದರೂ ಕೈಮುಗಿದು "ಆಗ್ಲಿ ಸ್ವಾಮಿ" ಅನ್ನದೆ ಬಿಡುತ್ತಿರಲಿಲ್ಲ ಅವರು. ಬಸ್ಸಿನಲ್ಲಿ ಕಂಡಕ್ಟರ್ "ರೈಟ್" ಎಂದರೂ ಅದೇ ಉತ್ತರ.

"ಎದೆ ಬಡಿತ ನೋಡ್ಕಂಡು ಫೋಟೋ ತೆಗೆಯೋ ಮಿಷನ್ನಂತೆ ಅಕ್ಕ. ಅಲುಗಬಾರ್ದು, ಉಸಿರು ಬಿಡಬಾರ್ದು. ಮೈಕಿನಾಗೆ 'ಉಸಿರು ಹಿಡೀರಿ' ಅಂದ್ರೆ ಇವ್ರು ಒಳಗಿಂದ 'ಆಗ್ಲಿ ಸ್ವಾಮಿ' ಅಂದು ಕೈಯೂ ಮುಗಿದ್ರು! ಫೋಟೋ ಪೂರಾ ಮಸುಕು. ಬ್ಲಾಕ್ ಐತೋ ಇಲ್ವೋ ಡಾಕ್ಟ್ರಿಗೇ ಗೊತ್ತಾಗ್ಲಿಲ್ಲ."

"ಅಯ್ಯೋ ಶಿವನೇ, ಆಮೇಲೆ?"

"ಇನ್ನೊಂದ್ಸಲ ತೆಗೀಬೇಕಂದ್ರು. ಮೈಕು ನಂಗೆ ಕೊಡ್ರಿ ಅಂದೆ. ಉಸಿರು ಹಿಡ್ಕಳ್ರಿ ಅಂತ ನಾನು ಹೇಳಿದ್ರೆ ಪಿಟಕ್ ಅನ್ಲಿಲ್ಲ. ಮೂವತ್ತು ವರ್ಷದಾಗೆ ನನ್ನ ಮಾತಿಗೆ ಯಾವತ್ತು ಉತ್ರ ಕೊಟ್ಟಾರೆ ಹೇಳು?"

ಈ ಸಲ ಚಿತ್ರ ಕನ್ನಡಿಯಂತೆ ಬಂದಿತ್ತು. ಬ್ಲಾಕ್ ಇರಲಿಲ್ಲ. ಗಂಡಂದಿರ ಮೌನದಲ್ಲೂ ಒಂದು ಒಳಿತನ್ನಿಟ್ಟ ದೇವರಿಗೆ ತುಪ್ಪದ ದೀಪ ಹಚ್ಚಿದೆ. ಅಷ್ಟರಲ್ಲಿ ನಲ್ಲಿ ನೀರು ಬಂತು. ಕೊಡ ಎತ್ತಿಕೊಂಡು ಹೊರಟೆ.