ಶೇಂಗಾ ಸುಲಿಯುವಾಗ ಹುಟ್ಟಿದ ಕುದುರೆ

ನಮ್ಮೂರ ಬಾವಿಯನ್ನು ಯಾವ ರಾಣಿಯೂ ತೋಡಿಸಲಿಲ್ಲ. ಅವಳ ಬಿಳಿ ಕುದುರೆ ಅಲ್ಲಿ ನಿಂತು ಗೊರಸಿನಿಂದ ನೆಲ ಕೆರೆಯಲಿಲ್ಲ, ಕೆರೆದ ಜಾಗದಲ್ಲಿ ನೀರು ಚಿಮ್ಮಲೂ ಇಲ್ಲ. ರಾಣಿಯೂ ಇರಲಿಲ್ಲ, ಕುದುರೆಯೂ ಇರಲಿಲ್ಲ. ಎರಡನ್ನೂ ಹುಟ್ಟಿಸಿದವಳು ನಾನು, ಶೇಂಗಾ ಸುಲಿಯುತ್ತಾ ಕೂತಿದ್ದಾಗ. ಓದಿದವರಾದರೆ ಇದನ್ನು ಕೊನೆಯವರೆಗೆ ಮುಚ್ಚಿಟ್ಟುಕೊಂಡು ಕೂರುತ್ತಾರೆ. ನಾನು ಓದಿದ್ದು ಮೂರನೇ ಕ್ಲಾಸು, ನನಗೆ ಅಷ್ಟು ತಾಳ್ಮೆ ಇಲ್ಲ. ನಾಲ್ಕೇ ಸಾಲಿನಲ್ಲಿ ಮುಗಿಸಬೇಕು ಅಂತಿದ್ದೆ. ಪತ್ರಿಕೆಯವರು, "ನಾಲ್ಕು ಸಾಲು ಬರೆದ್ರೆ ಯಾರೂ ನಂಬಲ್ಲ ಅಜ್ಜಿ, ಬೆಳೆಸಿ ಬರ್ಕಂಡು ಬರ್ರಿ" ಅಂದರು. ಅದಕ್ಕೇ ಇದು ಇಷ್ಟುದ್ದ.

ಹೊಳಲ್ಕೆರೆಯಿಂದ ರಾಮಗಿರಿ ಕಡೆ ಹೋಗುವಾಗ ನಡುವೆ ಸಿಗುವ ಊರು ನಮ್ಮದು. ಬಸ್ಸು ನಿಲ್ಲಿಸದೆ ಹೋದರೂ ಒಳಗೆ ಕೂತವರಿಗೆ ಏನೂ ತಪ್ಪಿಹೋದ ಹಾಗೆ ಅನಿಸುವುದಿಲ್ಲ. ಎಷ್ಟೋ ದಿನ ನಿಲ್ಲಿಸದೆಯೇ ಹೋಗುತ್ತದೆ. ಇಂಥ ಊರಿನ ವಿಷಯಕ್ಕೆ ಎಲ್ಲೋ ಕೂತವರು ಜಗಳ ಆಡಬಹುದು ಅಂತ ನಾನು ಎಣಿಸಿರಲಿಲ್ಲ.

ಜಗಳ ಮನೆಗೆ ತಂದವಳು ನನ್ನ ಮಗನ ಮಗಳು ಗಿರಿಜ. ದುರ್ಗದ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಳು. ಬರುವಾಗ ಹೊಳಲ್ಕೆರೆಯಲ್ಲಿ ಬಸ್ಸು ಬದಲಿಸಬೇಕು. ನಡುವೆ ಒಂದು ಗಂಟೆ ಖಾಲಿ. ಆ ಗಂಟೆಯನ್ನು ಬೇರೆ ಹುಡುಗಿಯರು ಬಳೆ ಅಂಗಡಿಯಲ್ಲಿ ಕಳೆದರೆ ಇವಳು ಬಸ್ ಸ್ಟ್ಯಾಂಡ್ ಎದುರಿನ ಬ್ರೌಸಿಂಗ್ ಸೆಂಟರಿನಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದಳು. ಅದರೊಳಗೆ ಒಂದು ವಿಶ್ವಕೋಶ ಇದೆಯಂತೆ. ಅದನ್ನು ಬರೆಯುವವರಿಗೆ ಸಂಬಳ ಇಲ್ಲ. ಯಾರು ಬೇಕಾದರೂ ಬರೆಯಬಹುದು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಬಹುದು, ಬೇಡ ಅನಿಸಿದರೆ ಅಳಿಸಬಹುದು.

"ಯಾರು ಬೇಕಾದ್ರೂ ಅಂದ್ರೆ?" ಅಂತ ಕೇಳಿದೆ.

"ಯಾರು ಬೇಕಾದ್ರೂ ಅಜ್ಜಿ. ನೀನೂ ಬರೀಬೌದು."

"ಹಂಗಾದ್ರೆ ಅದು ಉದ್ಧಾರ ಆದಂಗೇ."

ಇದನ್ನು ನಾನು ಸುಮ್ಮನೆ ಹೇಳಲಿಲ್ಲ. ಒಂದು ಒಲೆಗೆ ಇಬ್ಬರು ಸೊಸೆಯರಿದ್ದರೆ ಏನಾಗುತ್ತದೆ ಅಂತ ಕಂಡವಳು ನಾನು. ಒಬ್ಬಳು ಸಾರಿಗೆ ಉಪ್ಪು ಹಾಕಿ ಹಿತ್ತಲಿಗೆ ಹೋಗಿರುತ್ತಾಳೆ. ಇನ್ನೊಬ್ಬಳು ಬಂದು, ಹಾಕಿಲ್ಲವೇನೋ ಅಂದುಕೊಂಡು ಮತ್ತೆ ಹಾಕುತ್ತಾಳೆ. ಅತ್ತೆಯಾದವಳು ಎರಡೂ ಉಪ್ಪನ್ನು ತಿಂದು ನೀರು ಕುಡಿದು ಮಲಗಬೇಕು. ಈ ವಿಶ್ವಕೋಶದಲ್ಲಿ ದೇಶಕ್ಕೆಲ್ಲ ಒಂದೇ ಒಲೆ, ಸೊಸೆಯರಿಗೆ ಲೆಕ್ಕವಿಲ್ಲ. ಸಾಲದ್ದಕ್ಕೆ ಇಲ್ಲಿ ಒಬ್ಬಳು ಹಾಕಿದ ಉಪ್ಪನ್ನು ಇನ್ನೊಬ್ಬಳು ಸಾರಿನಿಂದ ಹೊರಗೆ ತೆಗೆಯಲೂಬಹುದು.

ಗಿರಿಜ ಅದರಲ್ಲಿ ನಮ್ಮೂರಿಗೆ ಅಂತ ಒಂದು ಪುಟ ಮಾಡಿದಳು. ಊರಲ್ಲಿ ಎಷ್ಟು ಮನೆ, ಏನು ಬೆಳೆ, ಇಂಥದ್ದೆಲ್ಲ. ಕೊನೆಗೆ ಒಂದು ಸಾಲು: ಊರ ನಡುವಿನ ಮೆಟ್ಟಿಲು ಬಾವಿಯನ್ನು ಓಬಯ್ಯ ಎಂಬುವರು ತೋಡಿದರು. ಬರೆದು ಸುಮ್ಮನಿರದೆ ತೀರಿಹೋದ ಓಬಯ್ಯನ ಹೆಂಡತಿ ತಿಪ್ಪಕ್ಕನ ಹತ್ತಿರ ಓಡಿ, "ನಿಮ್ಮನೆಯವ್ರ ಹೆಸ್ರು ಈಗ ಲೋಕಕ್ಕೆಲ್ಲ ಕಾಣುಸ್ತೈತೆ" ಅಂದಳು.

ತಿಪ್ಪಕ್ಕ ನನ್ನ ವಾರಗೆಯವಳು. ಇಬ್ಬರೂ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು. ಅವಳು ಯಾವತ್ತೂ ಯಾರನ್ನೂ ಏನೂ ಕೇಳಿದವಳಲ್ಲ. ಅವತ್ತು ಮಾತ್ರ ನಲ್ಲಿಯ ಹತ್ತಿರ ನಿಂತು ಬೀದಿಗೆಲ್ಲ ಹೇಳಿದಳು. ನನ್ನ ಹತ್ತಿರ ಬಂದು, "ಒಂದಿನ ಹೋಗಾಣ ಕಣೆ, ನೋಡ್ಕಂಡು ಬರಾಣ. ನಂಗೆ ಓದಾಕೆ ಬರಲ್ಲ, ನೀನು ಓದು" ಅಂದಳು. ಹೊಳಲ್ಕೆರೆ ಸಂತೆಯ ದಿನ ಹೋಗೋಣ ಅಂದೆ. ಒಂದು ಸಂತೆ ಮಳೆಯಲ್ಲಿ ಹೋಯಿತು, ಇನ್ನೊಂದು ಅವಳ ಮಂಡಿನೋವಿನಲ್ಲಿ ಹೋಯಿತು.

ಅಷ್ಟರಲ್ಲಿ ಗಿರಿಜಳ ಮುಖ ದಪ್ಪಗಾಗತೊಡಗಿತು. ಇವಳು ಬರೆದ ಸಾಲನ್ನು ಯಾರೋ ಅಳಿಸುತ್ತಿದ್ದಾನಂತೆ. ಹೆಸರು 'ಇತಿಹಾಸಪ್ರಿಯ' ಅಂತ. ಇವಳು ಇವತ್ತು ಬರೆದರೆ ಅವನು ನಾಳೆ ಅಳಿಸಿ ತನ್ನದನ್ನು ಹಾಕುತ್ತಾನೆ, ಇವಳು ನಾಡಿದ್ದು ಅವನದನ್ನು ಅಳಿಸಿ ತನ್ನದನ್ನು ಹಾಕುತ್ತಾಳೆ. ಕೇಳಿದಾಗ ನನಗೆ ನಮ್ಮೂರಿನ ಅಣ್ಣತಮ್ಮಂದಿರಿಬ್ಬರು ನೆನಪಾದರು. ಅಣ್ಣ ಉಳುವಾಗ ಬದುವಿನ ಕಡೆ ಒಂದು ಸಾಲು ಹೆಚ್ಚಿಗೆ ಎಳೆಯುತ್ತಿದ್ದ. ತಮ್ಮ ಉಳುವಾಗ ಅದನ್ನು ವಾಪಸ್ ಎಳೆಯುತ್ತಿದ್ದ. ಇಬ್ಬರೂ ಮುದುಕರಾಗುವ ಹೊತ್ತಿಗೆ ಹೊಲ ಇದ್ದಷ್ಟೇ ಇತ್ತು, ಬದು ಮಾತ್ರ ಹಾವಿನ ಹಾಗೆ ಡೊಂಕಾಗಿತ್ತು.

ಅಳಿಸುವುದರ ಜೊತೆಗೆ ಪತ್ರ ಬೇರೆ. ಪುಟದ ಬೆನ್ನಿಗೆ ಜಗಳ ಆಡುವುದಕ್ಕೆಂದೇ ಇನ್ನೊಂದು ಪುಟ ಇಟ್ಟಿದ್ದಾರಂತೆ. ಗಿರಿಜ ಅದನ್ನು ನೋಟ್‌ಬುಕ್ಕಿನಲ್ಲಿ ಇಳಿಸಿಕೊಂಡು ಬಂದು ಓದಿದಳು: "ಮಾನ್ಯರೇ, ತಮ್ಮ ಉತ್ಸಾಹಕ್ಕೆ ವಂದನೆಗಳು. ಆದರೆ ದಯಮಾಡಿ ತಾವು ಆಧಾರಗಳನ್ನು ಗಮನಿಸಬೇಕಾಗಿ ವಿನಂತಿ."

"ಜಗಳ ಓದು ಅಂದ್ರೆ ಲಗ್ನಪತ್ರಿಕೆ ಓದ್ತೀಯಲ್ಲೇ."

"ಅಜ್ಜಿ, ಅಲ್ಲಿ ಇದೇ ಬೈಗುಳ."

ನನಗೆ ತಲೆ ಕೆಟ್ಟಿತು. ನಲ್ಲಿಯ ಹತ್ತಿರ ನಾವೂ ಜಗಳ ಆಡುತ್ತೇವೆ. ಕೊಡ ಯಾರದು ಮುಂದೆ ಇತ್ತು ಅಂತ ಶುರುವಾಗಿ ಏಳು ತಲೆಮಾರನ್ನು ಎಳೆದು ತಂದು ಅರ್ಧ ಗಂಟೆಯಲ್ಲಿ ಮುಗಿಸುತ್ತೇವೆ. ಸಂಜೆಗೆ ಅದೇ ಮನೆಯಿಂದ ಹೆಪ್ಪಿಗೆ ಮಜ್ಜಿಗೆ ಕೇಳಿ ತರುತ್ತೇವೆ. ಎದುರಿಗೆ ಮುಖ ಇದ್ದರೆ ಜಗಳಕ್ಕೆ ಒಂದು ಕೊನೆ ಇರುತ್ತದೆ. ಮುಖ ಇಲ್ಲದ ಜಗಳ, ಅದೂ 'ವಂದನೆಗಳು' ಅಂತ ಹೇಳಿಕೊಂಡು ಆಡುವ ಜಗಳ, ಜಡ್ಡು ಹಿಡಿದ ಕೆಮ್ಮಿನ ಹಾಗೆ. ಹೋಗುವುದೂ ಇಲ್ಲ, ಕೊಲ್ಲುವುದೂ ಇಲ್ಲ. ಆ ಮನುಷ್ಯ ಓಬಯ್ಯನ ಬದಲು ಏನು ಬರೆಯುತ್ತಿದ್ದಾನೆ ಅಂತ ಮಾತ್ರ ನಾನು ಕೇಳಲಿಲ್ಲ. ಕೇಳಿದ್ದರೆ ಅರ್ಧ ದಾರಿಯಲ್ಲೇ ಸಿಕ್ಕಿಬೀಳುತ್ತಿದ್ದೆ.

ಮೂರನೇ ಸಂತೆಗೆ ಹೋದೆವು. ಗಿರಿಜ ಅವತ್ತೊಂದು ದಿನ ಕಾಲೇಜು ಬಿಟ್ಟು ಜೊತೆಗೆ ಬಂದಳು. ತಿಪ್ಪಕ್ಕ ಮಡಿಸಿಟ್ಟಿದ್ದ ಹಸಿರು ಸೀರೆ ಉಟ್ಟಿದ್ದಳು. ಬ್ರೌಸಿಂಗ್ ಸೆಂಟರಿನ ಬಾಗಿಲಲ್ಲಿ ಚಪ್ಪಲಿ ಬಿಡಿ ಅಂತ ಬರೆದಿತ್ತು. ಚಪ್ಪಲಿ ಬಿಟ್ಟು ಒಳಗೆ ಹೋದ ತಿಪ್ಪಕ್ಕ ಆ ಪೆಟ್ಟಿಗೆಯ ಮುಂದೆ, ಗುಡಿಗೆ ಬಂದವಳ ಹಾಗೆ, ತಲೆಯ ಮೇಲೆ ಸೆರಗು ಎಳೆದುಕೊಂಡಳು. ಗಿರಿಜ ಪುಟ ತೆಗೆದಳು. ತೆಗೆದವಳ ಮುಖ ಇಳಿದುಹೋಯಿತು. ಬಡಬಡ ಏನೋ ಒತ್ತಿದಳು, ಆಗಲಿಲ್ಲ. ಜಗಳ ಹೆಚ್ಚಾಯಿತು ಅಂತ ಮೇಲಿನ ಯಾರೋ ಉಸ್ತುವಾರಿಯವರು ಹಿಂದಿನ ದಿನವೇ ಆ ಪುಟಕ್ಕೆ ಬೀಗ ಹಾಕಿದ್ದರಂತೆ. ಬೀಗ ಹಾಕುವ ಹೊತ್ತಿಗೆ ಒಳಗಿದ್ದದ್ದು ಇತಿಹಾಸಪ್ರಿಯನ ಸಾಲು.

"ಓದೇ" ಅಂದಳು ತಿಪ್ಪಕ್ಕ.

ಗಿರಿಜ ನನ್ನ ಕೈ ಹಿಸುಕಿದಳು. ಅವಳಿಗೆ ಬೇಕಾದದ್ದು ಏನು ಅಂತ ನನಗೆ ಗೊತ್ತಾಯಿತು. 'ಓಬಯ್ಯ' ಅಂತ ಓದಿಬಿಟ್ಟರೆ ಮುಗಿಯಿತು, ತಿಪ್ಪಕ್ಕನಿಗೆ ಏನು ತಿಳಿಯುತ್ತದೆ. ಆದರೆ ಓದು ಅಂದವಳಿಗೆ ಇದ್ದದ್ದನ್ನೇ ಓದಬೇಕು. ಅಕ್ಷರ ಕೂಡಿಸಿ ಕೂಡಿಸಿ ಓದಿದೆ: ಪಾಳೇಗಾರರ ಕಾಲದಲ್ಲಿ ರಾಣಿಯೊಬ್ಬಳು ಈ ಮಾರ್ಗವಾಗಿ ಬರುತ್ತಿರಲು, ಆಕೆಯ ಬಿಳಿ ಕುದುರೆಯು ಗೊರಸಿನಿಂದ ನೆಲವನ್ನು ಕೆರೆಯಿತು. ಅಲ್ಲಿ ಜಲ ಚಿಮ್ಮಿತು. ರಾಣಿಯು ಅಲ್ಲಿಯೇ ಬಾವಿಯನ್ನು ತೋಡಿಸಿದಳು.

ಕುದುರೆ ಬಂದ ಕೂಡಲೇ ನನಗೆ ಅದರ ಗುರುತು ಸಿಕ್ಕಿತು.

"ಯಾವ ರಾಣಿ?" ಅಂದಳು ತಿಪ್ಪಕ್ಕ. "ಮಣ್ಣು ಹೊತ್ತಿದ್ದು ನೀನು ನಾನು ಅಲ್ವೇನೆ? ಈ ಕುದ್ರೆ ಎಲ್ಲಿಂದ ಬಂತು?"

ಊರಲ್ಲಿ ಬಾಯಿಗೆ ಬೀಗ ಇಲ್ಲದವಳು ಅಂತ ಹೆಸರು ತೆಗೆದುಕೊಂಡವಳು ನಾನು. ಅವತ್ತು, "ಬಸ್ಸಿಗೆ ಹೊತ್ತಾತು" ಅಂದೆ, ಅಷ್ಟೇ. ತಿಪ್ಪಕ್ಕ ಹೊರಗೆ ಹೋಗಿ ಚಪ್ಪಲಿ ಹಾಕಿಕೊಂಡಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಇಳಿಯುವಾಗ ಒಂದೇ ಮಾತು ಅಂದಳು: "ನಲ್ಲಿತಾವ ಎಲ್ರಿಗೂ ಹೇಳ್ಬಿಟ್ಟಿದೀನಿ ಕಣೆ."

ಈಗ ಕುದುರೆಯ ಜಾತಕ ಹೇಳುತ್ತೇನೆ. ಹತ್ತು ಹನ್ನೆರಡು ವರ್ಷದ ಹಿಂದೆ ನಮ್ಮೂರ ಸ್ಕೂಲಿನಲ್ಲಿ ರುದ್ರಪ್ಪ ಮೇಷ್ಟ್ರು ಅಂತ ಇದ್ದರು. ಒಳ್ಳೆಯ ಮನುಷ್ಯರು, ಹುಡುಗರನ್ನು ಹೊಡೆಯುತ್ತಿರಲಿಲ್ಲ. ಸ್ಕೂಲಿನ ಸ್ಮರಣ ಸಂಚಿಕೆಗೆ ಊರ ಇತಿಹಾಸ ಬೇಕು ಅಂತ ಮನೆಮನೆ ತಿರುಗಿದರು. ನಮ್ಮ ಮನೆಗೆ ಬಂದಾಗ ನಾನು ಬಿತ್ತನೆ ಶೇಂಗಾ ಸುಲಿಯುತ್ತಿದ್ದೆ. ಮಳೆ ಬಿದ್ದು ನೆಲಕ್ಕೆ ಹದ ಬಂದಿತ್ತು, ಮಾರನೇ ದಿನ ಬಿತ್ತನೆ, ಮೂಟೆ ಹಾಗೇ ಇತ್ತು. ಬಾವಿ ಯಾರು ತೋಡಿದ್ದು ಅಂತ ಕೇಳಿದರು. ಓಬಯ್ಯ ಅಂದೆ. ಮೇಷ್ಟ್ರು ಪೆನ್ನಿನ ಮುಚ್ಚಳವನ್ನೇ ತೆಗೆಯಲಿಲ್ಲ.

"ಅದಲ್ಲಮ್ಮ, ಅದಕ್ಕೂ ಹಿಂದೆ? ಪಾಳೇಗಾರರ ಕಾಲದ್ದು ಏನಾದ್ರೂ ಇರ್ಬೇಕಲ್ಲ?"

ಇದು ನಮ್ಮ ದುರ್ಗದ ಸೀಮೆಯ ಕಾಯಿಲೆ. ಪಕ್ಕದಲ್ಲಿ ಅಷ್ಟು ದೊಡ್ಡ ಕೋಟೆ ಇದ್ದರೆ ಹೀಗೇ ಆಗುತ್ತದೆ. ಯಾವ ಕಲ್ಲು ಎತ್ತಿದರೂ ಅಡಿಯಲ್ಲಿ ಒಬ್ಬ ಪಾಳೇಗಾರ ಇರಬೇಕು. ನಮ್ಮ ಬೀದಿಯ ರುಬ್ಬುಗುಂಡಿಗೂ ಯಾರೋ ಒಂದು ಯುದ್ಧ ಅಂಟಿಸಿದ್ದಾರೆ. ತೋಡಿದವನು ಎದುರು ಮನೆಯ ಓಬಯ್ಯ, ಬೆಳಗ್ಗೆ ತಾನೇ ಎಮ್ಮೆ ಹೊಡೆದುಕೊಂಡು ಹೋದ ಅಂದರೆ ಅದು ಇತಿಹಾಸವೇ ಅಲ್ಲ. ಮೇಷ್ಟ್ರು ಅಲ್ಲಾಡುವ ಹಾಗೆ ಕಾಣಲಿಲ್ಲ. ಅದಕ್ಕೆ ರಾಣಿಯನ್ನು ಕರೆದೆ. ಮುಚ್ಚಳ ತೆಗೆದರು. ಕುದುರೆ ಅಂದೆ. ಪೆನ್ನು ಓಡಿತು. ಯಾವ ಬಣ್ಣದ ಕುದುರೆ ಅಂದರು. ಬಿಳಿ ಅಂದೆ. ಎದ್ದು ಹೋದರು. ಶೇಂಗಾ ಮುಗಿಸಿದೆ, ಮರೆತೆ. ಅದು ಅಚ್ಚಾಗಿದ್ದೂ ನನಗೆ ಗೊತ್ತಿಲ್ಲ.

ಅವತ್ತು ಸಂಜೆ ಗಿರಿಜಳಿಗೆ ಇದನ್ನು ಹೇಳಿದೆ. ಅವಳು ಹಣೆ ಹಣೆ ಬಡಿದುಕೊಂಡಳು. ಇತಿಹಾಸಪ್ರಿಯ ಅಂದರೆ ಆ ಮೇಷ್ಟ್ರೇ. ರಿಟೈರಾಗಿ ಹಿರಿಯೂರಿನಲ್ಲಿ ಮನೆ ಕಟ್ಟಿಕೊಂಡಿದ್ದಾರೆ, ಸ್ಮರಣ ಸಂಚಿಕೆ ತನ್ನದೇ ಅಂತ ಅವರೇ ಆ ಜಗಳದ ಪುಟದಲ್ಲಿ ಬರೆದಿದ್ದಾರೆ. ಸ್ಕೂಲಿನವರಿಂದ ನಂಬರು ತರಿಸಿ ಮಗನ ಮೊಬೈಲಿನಲ್ಲಿ ಮಾತಾಡಿದೆ.

"ಮೇಷ್ಟ್ರೇ, ಆ ಕುದ್ರೆ ನಂದು."

"ಯಾವ ಕುದ್ರೆ ತಾಯಿ?"

"ನಿಮ್ಮ ರಾಣೀದು. ಶೇಂಗಾ ಸುಲೀತಾ ನಾನೇ ಕಟ್ಟಿ ಹೇಳಿದ್ದು. ಬಾವಿ ತೋಡಿದ್ದು ಓಬಯ್ಯ. ಅವತ್ತೂ ಮೊದ್ಲು ಅದನ್ನೇ ಅಂದೆ, ನೀವು ಬರ್ಕಳ್ಳಿಲ್ಲ."

ಮೇಷ್ಟ್ರು ಬಹಳ ಮೆತ್ತಗೆ ಹೇಳಿದರು: "ಇಲ್ಲಮ್ಮ, ನೀವು ಆವಾಗ ಹೇಳಿದ್ದೇ ಸರಿ. ಈಗ ವಯಸ್ಸಾಗೈತೆ ನೋಡ್ರಿ, ನೆನಪು ಹಿಂದುಮುಂದು ಆಗ್ತೈತೆ. ಬೇಜಾರು ಮಾಡ್ಕಬ್ಯಾಡ್ರಿ."

ನನ್ನ ಸುಳ್ಳನ್ನು ನನ್ನಿಂದಲೇ ಕಾಪಾಡುವ ಮನುಷ್ಯನ ಹತ್ತಿರ ಏನು ಮಾತಾಡುವುದು. ಫೋನು ಗಿರಿಜಳ ಕೈಗೆ ಕೊಟ್ಟೆ.

"ನಾನೇ ಹೇಳಿದ್ದು ಸುಳ್ಳು ಅಂತ ಆ ಬೀಗದವ್ರಿಗೆ ಬರಿ" ಅಂದೆ.

"ಬರೆದ್ರೂ ನಡೆಯಲ್ಲ ಅಜ್ಜಿ. ಬಾಯಿಮಾತು ಆಧಾರ ಅಲ್ಲ. ಅಚ್ಚಾಗಿರ್ಬೇಕು."

"ಆ ಸಂಚಿಕೇಲಿ ಅಚ್ಚಾಗಿದ್ದೂ ನನ್ನ ಬಾಯಿಮಾತೇ ಅಲ್ವೇನೆ?"

"ಅಚ್ಚಾದ್ಮೇಲೆ ಅಲ್ಲ."

ಅಚ್ಚಿನ ಮಹಿಮೆ ನನಗೆ ಹೊಸದಲ್ಲ. ನನ್ನ ಒಂದು ಕಾರ್ಡಿನಲ್ಲಿ ನಾನು ನನ್ನ ಮಗನಿಗಿಂತ ಎರಡೇ ವರ್ಷ ದೊಡ್ಡವಳು. ತಿದ್ದಿಸಲು ಹೋದರೆ, ನೀವು ಹುಟ್ಟಿದ್ದಕ್ಕೆ ಆಧಾರ ಏನು ಅಂದರು. ನಾನೇ ಎದುರಿಗೆ ನಿಂತಿದ್ದೆ, ಅದು ಸಾಲಲಿಲ್ಲ. ಇಷ್ಟು ದಿನ ನಗುತ್ತಿದ್ದೆ. ಆದರೆ ನನ್ನ ವಯಸ್ಸು ತಪ್ಪಾದರೆ ನಷ್ಟ ಯಾರಿಗೂ ಇಲ್ಲ. ಓಬಯ್ಯನ ಲೆಕ್ಕ ಬೇರೆ. ನಾಳೆ ತಿಪ್ಪಕ್ಕ ಕೊಡ ಹಿಡಿದು ನಲ್ಲಿಗೆ ಹೋಗಬೇಕು. ಅಲ್ಲಿ ಯಾವಳಾದರೂ ರಾಣಿಯ ವಿಷಯ ಎತ್ತಿದರೆ, ಗಂಡನ ಹೆಸರಿನಲ್ಲಿ ಸುಳ್ಳು ಹೇಳಿಕೊಂಡು ತಿರುಗಿದವಳು ಅವಳಾಗುತ್ತಾಳೆ. ಸುಳ್ಳು ನನ್ನದು.

ಮಾರನೇ ದಿನ ಬೆಳಗ್ಗೆ ಮುಖ ತೊಳೆದು ನೇರ ಅವಳ ಮನೆಗೆ ಹೋದೆ. ಮೊರದಲ್ಲಿ ಹುರುಳಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ಕೂತು ಎಲ್ಲ ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ.

"ಯಾಕಂಗಂದೆ?"

"ನಿಜ ಹೇಳ್ದೆ, ಬರ್ಕಳ್ಳಿಲ್ಲ. ಸುಳ್ಳು ಹೇಳ್ದೆ, ಬರ್ಕಂಡ್ರು. ಶೇಂಗಾ ಬೇರೆ ಹಾಗೇ ಇತ್ತು."

"ನಮ್ಮನೆಯವ್ರ ಕಣ್ಣು ಹೋಗಿದ್ದು ಹೇಳಿದ್ಯಾ?"

"ಅಲ್ಲಿತನಕ ಕೇಳ್ಲೇ ಇಲ್ಲ."

ಒಂದು ಕಲ್ಲು ಸಿಕ್ಕಿತು, ಅಂಗಳಕ್ಕೆ ಎಸೆದಳು. ಅದು ನನ್ನ ಕಾಲಿನ ಹತ್ತಿರವೇ ಬಿತ್ತು. "ಮುಂಡೇದೆ," ಅಂದಳು. "ಸುಳ್ಳು ಹೇಳೋಳು ಕುದ್ರೆ ಯಾಕೆ ತಂದೆ? ಒಂದು ಎಮ್ಮೆ ಅಂದಿದ್ರೆ ಯಾರೂ ನಂಬ್ತಿರಲಿಲ್ಲ." ಆಮೇಲೆ ಮೊರ ಕೆಳಗಿಟ್ಟಳು. "ಈಗ ಬರಿ. ನಾನು ಹೇಳ್ತೀನಿ. ಎಡಗಣ್ಣು ಅಂತ ಬರಿ, ಜನ ಬಲಗಣ್ಣು ಅಂತಾರೆ."

ಗಿರಿಜಳ ನೋಟ್‌ಬುಕ್ ತರಿಸಿ, ಹಾಳೆ ಹರಿದು ಅಲ್ಲೇ ಕೂತು ಬರೆದೆ. ನಮ್ಮೂರ ಮೆಟ್ಟಿಲು ಬಾವಿಯನ್ನು ತೋಡಿದವನು ಓಬಯ್ಯ, ಅವನ ಜೊತೆ ಅವನ ಅಪ್ಪ. ಆರು ಆಳುದ್ದ ಇಳಿದ ಮೇಲೆ ಬಂಡೆ ಸಿಕ್ಕಿತು, ಮದ್ದು ಇಟ್ಟಾಗ ಚಕ್ಕೆ ಸಿಡಿದು ಓಬಯ್ಯನ ಎಡಗಣ್ಣು ಹೋಯಿತು, ಒಂದು ತಿಂಗಳು ಮಲಗಿ ಎದ್ದು ಮತ್ತೆ ಇಳಿದ. ಮಣ್ಣಿನ ಮಂಕರಿ ಹೊತ್ತು ಮೇಲೆ ತಂದವರು ತಿಪ್ಪಕ್ಕ, ನಾನು, ಇನ್ನೂ ಏಳೆಂಟು ಹೆಂಗಸರು. ರಾಣಿ ಯಾರೂ ಬಂದಿರಲಿಲ್ಲ.

ತಾಲ್ಲೂಕಿನಲ್ಲಿ ಒಂದು ವಾರಪತ್ರಿಕೆ ಇದೆ, ಅಚ್ಚು ಅಂದರೆ ಅದೂ ಅಚ್ಚೇ. ಇದನ್ನೂ ಮುದುಕಿ ಶೇಂಗಾ ಸುಲಿಯುತ್ತಾ ಹೇಳಿದ್ದೇನೋ ಅಂತ ಯಾರಾದರೂ ಅನುಮಾನ ಪಟ್ಟರೆ ಪಡಲಿ. ಆ ಅನುಮಾನ ಹನ್ನೆರಡು ವರ್ಷ ಮೊದಲೇ ಬರಬೇಕಿತ್ತು. ಹಾಳೆ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ತಿಪ್ಪಕ್ಕನನ್ನೂ ಎಬ್ಬಿಸಿಕೊಂಡು ಹೊರಟೆ. ಒಂಬತ್ತೂವರೆ ಬಸ್ಸು ಅವತ್ತು ನಮ್ಮೂರಲ್ಲಿ ನಿಲ್ಲಿಸಿತು. ನಿಲ್ಲಿಸದೆ ಡ್ರೈವರ್ ಏನು ಮಾಡುತ್ತಾನೆ, ಇಬ್ಬರೂ ರಸ್ತೆಯ ನಡುವೆಯೇ ನಿಂತಿದ್ದೆವು.