ಇಬ್ಬರ ದೋಣಿಗೆ ತಂದ ಪಂಖಾ

ಮಾಮಾ ತೀರಿಕೊಂಡ ಮೇಲೆ ಆ ಮನೆಯಲ್ಲಿ ಎಲ್ಲರೂ ದೋಣಿಯ ಬಗ್ಗೆ ಮಾತಾಡಿದರು, ನಮ್ಮ ಅಕ್ಕನೊಬ್ಬಳನ್ನು ಬಿಟ್ಟು. ಮಾಮಾ ಎಂದರೆ ಅಕ್ಕನ ಗಂಡ. ಕಮಲಾಪುರದ ಆಚೆ ಡ್ಯಾಮಿನ ಹಿನ್ನೀರಿನಲ್ಲಿ ಗಂಡ ಹೆಂಡತಿ ಇಬ್ಬರೂ ಮೀನು ಹಿಡಿಯುತ್ತಿದ್ದರು. ಮಾಮಾ ಹಿಂದೆ ಕುಳಿತು ಎಂಜಿನ್ ನಡೆಸುವುದು, ಅಕ್ಕ ಮುಂದಿನ ಹಲಗೆಯ ಮೇಲೆ ಕುಳಿತು ಬಲೆ ಎಳೆಯುವುದು. ಮದುವೆಯಾದಾಗಿನಿಂದ ಅದೇ ಜಾಗ, ಅದೇ ಕೆಲಸ. ಒಂದು ಮುಂಜಾನೆ ಎದೆ ಹಿಡಿದುಕೊಂಡು ಕುಳಿತವರು ಕಲಬುರಗಿಯ ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟರು. ಅಕ್ಕ ಅಳಲಿಲ್ಲ. ಬಂದವರಿಗೆ ಚಹಾ ಮಾಡಿಕೊಟ್ಟಳು.

ದೋಣಿ ಮಾರಬೇಕೆಂದು ಮೊದಲು ಬಾಯಿ ತೆಗೆದವನು ಅಕ್ಕನ ಮೈದುನ. "ವೈನಿ ಹ್ಯಾಂಗ ಹೋಗ್ತಾರ ನೀರಾಗ? ಮಧ್ಯಾಹ್ನ ಗಾಳಿ ಬಿಟ್ರ ಯಾರು ನೋಡವ್ರು? ಮನ್ಯಾಗ ಒಂದು ಸಾವು ಆಗ್ಯದ, ಸಾಕು."

ನನಗೋ ಸಿಟ್ಟು ಮೂಗಿನ ತುದಿಯಲ್ಲೇ. "ನಿಮಗ್ಯಾಕ್ರೀ ಅಷ್ಟು ಅವಸರ? ಅಕಿನ್ನ ಕೇಳಿರೇನು?" ಎಂದು ಜಗಳಕ್ಕೇ ನಿಂತೆ. ಈಗ ಯೋಚಿಸಿದರೆ ಅವನು ಹೆದರಿದ್ದ, ಅಷ್ಟೇ. ಅಕ್ಕ ನನ್ನ ಸೆರಗು ಜಗ್ಗಿ ಕೂರಿಸಿದಳು. ಬಲೆ ಬಿಟ್ಟರೆ ತನಗೆ ಬೇರೆ ಕೆಲಸ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಮನಸ್ಸೂ ಇಲ್ಲ ಎಂದಳು. ಕೊನೆಗೆ ಮೈದುನ ಒಂದು ಮಾತಿಗೆ ಬಂದ. "ಬಲೆ, ಮೀನು ತುಂಬಿಕೊಂಡು, ಗಾಳಿ ಎದುರು ಒಮ್ಮೆ ಈ ದಂಡಿಗೆ ಬಂದು ತೋರಸ್ರಿ ವೈನಿ. ಆಮ್ಯಾಲ ನಾ ಬಾಯಿ ತೆಗೆಯಂಗಿಲ್ಲ."

ಮಾರನೆಯ ದಿನವೇ ಅಕ್ಕ ದೋಣಿ ಇಳಿಸಿದಳು. ಎಂಜಿನ್ ಶುರುವೇನೋ ಆಯಿತು. ಆದರೆ ಗಾಳಿ ಎದುರಾದ ಕೂಡಲೇ ನರಳತೊಡಗಿತು. ರೇಸ್ ಪೂರ್ತಿ ಕೊಟ್ಟರೂ ಸದ್ದು ಏರದು, ಬರೀ ಹೊಗೆ. ದೋಣಿ ಅಡ್ಡ ತಿರುಗಿ ಆಚೆ ದಂಡೆಯ ಜಾಲಿಗಿಡಕ್ಕೆ ಹೋಗಿ ಆತುಕೊಂಡಿತು. ಮೈದುನ ಇನ್ನೊಂದು ದೋಣಿಯಲ್ಲಿ ಹೋಗಿ ಕರೆತಂದ.

ನಾನು ಕಲಬುರಗಿಯಲ್ಲಿ ಪಂಪ್‌ಸೆಟ್ ಬಿಡಿಭಾಗ ಮಾರುವ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವವಳು. ಮನೆಯೂ ಅಲ್ಲೇ, ಗಾಜಿಪುರದಲ್ಲಿ. ಎಂಜಿನ್ನಿನ ಕೆಳಗೆ ನೀರಿನಲ್ಲಿ ತಿರುಗುವ ಆ ಪಂಖಾ, ಅಂಗಡಿಯವರ ಭಾಷೆಯಲ್ಲಿ ಪ್ರೊಪೆಲ್ಲರ್, ನೋಡಿದ ಕೂಡಲೇ ನನಗೆ ಅನುಮಾನ ಬಂತು. ಸಾಯುವ ಕೆಲವೇ ದಿನ ಮೊದಲು ಮಾಮಾ ಹೊಸದು ಹಾಕಿಸಿದ್ದರು. ಅವರಿಗೆ ದೋಣಿ ಓಡಬೇಕು, ಹಾರಬೇಕು. ಗಾಳಿ ಎದ್ದು ಎಂಜಿನ್ ಸೋತರೆ ಹುಟ್ಟು ಹಾಕಲು ತೋಳು ಗಟ್ಟಿಯಿದ್ದವು.

ಕೋಟನೂರ ಕಡೆಯ ರಸ್ತೆಯಲ್ಲಿ ಇಂಥ ಎಂಜಿನ್ ರಿಪೇರಿ ಮಾಡುವ ಒಬ್ಬ ಚಾಚಾ ಇದ್ದರು. ಪಂಖಾ ಬಿಚ್ಚಿಕೊಂಡು ಅಕ್ಕನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಚಾಚಾ ಪಂಖಾ ತಿರುಗಿಸಿ ಅದರ ಮೇಲೆ ಕೊರೆದ ಎರಡು ಅಂಕಿ ತೋರಿಸಿದರು. ಮೊದಲನೆಯದು ಅದರ ಅಗಲ. ಎರಡನೆಯದು ಪಿಚ್, ಅಂದರೆ ಒಂದು ಸುತ್ತಿಗೆ ಪಂಖಾ ನೀರನ್ನು ಕೊರೆದು ಎಷ್ಟು ಮುಂದೆ ಸಾಗಬೇಕು ಅನ್ನುವ ಅಳತೆ.

"ಪಿಚ್ ಜಾಸ್ತಿ ಇದ್ರ ಸ್ಪೀಡು, ಕಮ್ಮಿ ಇದ್ರ ತಾಕತ್ತು. ಇದು ಸ್ಪೀಡಿಂದು. ದಿಬ್ಬಾ ಹತ್ತುವಾಗ ಗಾಡಿ ನಾಲ್ಕನೇ ಗೇರಿನ್ಯಾಗ ಇಟ್ಟಂಗ ಆಗ್ಯದ ನಿಮ್ದು," ಎಂದರು. ಆಮೇಲೆ ಅಕ್ಕನನ್ನು ಕೇಳಿದರು: "ದೋಣ್ಯಾಗ ಎಷ್ಟು ಮಂದಿ ಕುಂದರ್ತೀರಿ ಬಾಯಿ?"

"ಇಬ್ಬರು ರೀ," ಎಂದಳು ಅಕ್ಕ. "ನಾ ಮುಂದ, ಅವರು ಹಿಂದ."

ಚಾಚಾಗೆ ನಮ್ಮ ಮನೆಯ ಸುದ್ದಿ ಹೇಗೆ ಗೊತ್ತಿರಬೇಕು? ತಲೆಯಾಡಿಸಿದರು. ನಾನು ಅಕ್ಕನ ಮುಖ ನೋಡಿದೆ. ಅವಳು ಬೇಕೆಂದು ಸುಳ್ಳು ಹೇಳಿರಲಿಲ್ಲ, ಬಾಯಿಗೆ ಬಂದದ್ದೇ ಅದು. ಅವಳನ್ನು ಅಲ್ಲಿ, ಗ್ರೀಸಿನ ವಾಸನೆಯ ಆ ಅಂಗಡಿಯಲ್ಲಿ ತಿದ್ದಲು ನನಗೆ ಮನಸ್ಸು ಬರಲಿಲ್ಲ. ಇಬ್ಬರ ಲೆಕ್ಕ ಹಿಡಿದು ಚಾಚಾ ಸ್ವಲ್ಪ ಕಡಿಮೆ ಪಿಚ್‌ನ ಪಂಖಾ ಆರಿಸಿ ಕೊಟ್ಟರು.

ಭಾನುವಾರ ನನಗೆ ರಜೆ. ಅಕ್ಕ ಹಿಂದೆ ಕುಳಿತಳು, ಮಾಮಾನ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು. ಅದು ಅವಳಿಗೆ ಮೊಣಕಾಲ ತನಕ ಬರುತ್ತಿತ್ತು. ನಾನು ಮುಂದಿನ ಹಲಗೆ ಹಿಡಿದೆ. ಆಚೆಯಿಂದ ಬಲೆ, ಮೀನು ತುಂಬಿಕೊಂಡು ಹೊರಟೆವು. ಗಾಳಿ ಎದುರಾಯಿತು, ಎಂಜಿನ್ ಒಂದಿಷ್ಟು ಗುರುಗುಟ್ಟಿತು, ನಾನು ಹುಟ್ಟು ಹಿಡಿದು ನಾಲ್ಕಾರು ಸಲ ಹಾಕಿದೆ, ದೋಣಿ ದಂಡೆಗೆ ಬಂತು. ಮೈದುನನ ಮುಂದೆ ಕುಣಿಯುವುದೊಂದು ಬಾಕಿ!

"ನೋಡಿದ್ರೇನು? ಏನಂತೀರಿ ಈಗ?" ಎಂದು ಅವನ ಮುಖಕ್ಕೇ ಕೇಳಿದೆ. ಅವನೂ ಸೋತೆನೆಂದು ಕೈಯೆತ್ತಿ ನಕ್ಕ.

ಅಕ್ಕ ನಗಲಿಲ್ಲ. ಎಂಜಿನ್ ಮೇಲೆ ಕೈಯಿಟ್ಟುಕೊಂಡು ಕುಳಿತೇ ಇದ್ದಳು.

"ನಾಳಿಗಿ ನೀ ಎಲ್ಲಿರ್ತಿ?" ಎಂದು ನನ್ನನ್ನು ಕೇಳಿದಳು.

"ಅಂಗಡ್ಯಾಗ. ಯಾಕ?"

"ಮತ್ತ ಹುಟ್ಟು ಯಾರು ಹಾಕ್ತಾರ?"

ನನ್ನ ಗೆಲುವೆಲ್ಲ ಅಲ್ಲೇ ಇಳಿದುಹೋಯಿತು. ಸಿಟ್ಟೂ ಬಂತು. ಇಷ್ಟು ಮಾಡಿದರೂ ಇವಳಿಗೆ ಸಾಲದೇ ಅನ್ನಿಸಿತು. ಅವಳು ಹೇಳಿದ್ದು ಮಾತ್ರ ಖರೆ. "ಇದು ಲೆಕ್ಕಕ್ಕಿಲ್ಲಪ್ಪಾ," ಎಂದು ಮೈದುನನಿಗೂ ಅವಳೇ ಹೇಳಿದಳು.

ಎರಡನೇ ಸಲ ಚಾಚಾನ ಅಂಗಡಿಗೆ ಹೋದಾಗ ಅವರು ಕೇಳುವ ಮೊದಲೇ ಅಕ್ಕ ಹೇಳಿದಳು: "ಒಬ್ಬಾಕಿ ರೀ. ನಾ ಒಬ್ಬಾಕೀನೇ."

ಆ ಮಾತು ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಚಾಚಾ ಅವಳ ಬರಿಗೊರಳು ನೋಡಿದರು, ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟರು. "ಯಾ ಅಲ್ಲಾ," ಎಂದು ಸಣ್ಣಗೆ ಅಂದರು.

ಆಮೇಲೆ ವಿವರಿಸಿದರು. ಇಬ್ಬರಿದ್ದರೆ ಎಂಜಿನ್ ಸೋತಾಗ ಒಬ್ಬರು ಹುಟ್ಟು ಹಾಕುತ್ತಾರೆ, ಆ ಧೈರ್ಯದ ಮೇಲೆ ಕೊಟ್ಟ ಪಂಖಾ ಅದು. ಒಬ್ಬರೇ ಇದ್ದರೆ ಎಲ್ಲವನ್ನೂ ಎಂಜಿನ್ನೇ ಮಾಡಬೇಕು. ಪಿಚ್ ಇನ್ನೂ ಇಳಿಸಬೇಕು, ದೋಣಿ ನಿಧಾನ ಹೋಗುತ್ತದೆ, ಆದರೆ ಜಗ್ಗುತ್ತದೆ. "ಇನ್ನೊಂದು ಮಾತು ಬಾಯಿ. ಹಿಂದ ಒಬ್ಬರ ಕುಂತ್ರ ದೋಣಿ ಮೂತಿ ಮ್ಯಾಲ ಏಳ್ತದ, ಗಾಳಿ ಅದನ್ನ ಹಿಡದು ತಿರುಗಸ್ತದ. ಮುಂದ ಒಂದು ಉಸುಕಿನ ಚೀಲ ಇಡ್ರಿ."

ತಂದಿದ್ದ ಎರಡೂ ಹಳೆಯ ಪಂಖಾಗಳನ್ನು ಅಕ್ಕ ಹೊಸದರ ಬದಲಿಗೆ ಕೊಟ್ಟುಬಿಟ್ಟಳು. "ಮಾಮಾಂದು ಇರಲೇ ಅಕ್ಕಾ," ಎಂದೆ. "ಇಟಗೊಂಡು ಏನ್ ಮಾಡ್ಲಿ? ಪೂಜಾ ಮಾಡ್ಲೇನು?" ಎಂದಳು. ಬಸ್ಸಿನಲ್ಲಿ ಕಮಲಾಪುರ ಬರುವ ತನಕ ಎಂಥ ಕಲ್ಲೆದೆ ಇವಳದು ಎಂದೇ ಅಂದುಕೊಳ್ಳುತ್ತಿದ್ದೆ.

ಮುಂದಿನ ಭಾನುವಾರ ಗಾಳಿ ಜೋರಾಗಿಯೇ ಇತ್ತು. ಅಕ್ಕ ಒಬ್ಬಳೇ ಆಚೆ ಹೋದಳು. ಮೈದುನ ಮತ್ತು ನಾನು ದಂಡೆಯಲ್ಲಿ ನಿಂತಿದ್ದೆವು. ತಿರುಗಿ ಹೊರಟಾಗ ದೋಣಿ ಎಷ್ಟು ನಿಧಾನ ಬರುತ್ತಿತ್ತೆಂದರೆ ನಿಂತೇ ಇದೆಯೇನೋ ಅನ್ನಿಸುತ್ತಿತ್ತು. ಎಂಜಿನ್ನಿನ ಸದ್ದು ಮಾತ್ರ ಏರಿ, ಒಂದೇ ಸಮನೆ ಕೇಳುತ್ತಿತ್ತು. ನಡುವೆ ಒಂದು ಸಲ ಗಾಳಿ ರಪ್ಪನೆ ಹೊಡೆಯಿತು. ಮೈದುನ ಚಪ್ಪಲಿ ಬಿಟ್ಟು ನೀರಿನೊಳಗೆ ನಡೆದೇಬಿಟ್ಟ. ದೋಣಿಯ ಮೂತಿ ಅಲ್ಲಾಡಿತು, ತಿರುಗಲಿಲ್ಲ. ಬಂತು. ದಂಡೆಯ ತನಕ ಬಂತು!

ಮೈದುನ ಸೊಂಟದ ನೀರಿನಲ್ಲಿ ನಿಂತು ದೋಣಿ ಹಿಡಿದ. ಮೇಲೆ ಎಳೆಯಲು ಹಗುರಾಗಲಿ ಎಂದು ಮುಂದಿನ ಹಲಗೆಯ ಮೇಲಿದ್ದ ಉಸುಕಿನ ಚೀಲವನ್ನು ಎತ್ತಿ ಹೆಗಲಿಗೆ ಹಾಕಿಕೊಂಡ.

"ಏ, ಅದನ್ನ ತೆಗೀಬ್ಯಾಡೋ!" ಎಂದು ಅಕ್ಕ ಚೀರಿದಳು. "ಅದು ನನ್ನ ಜಾಗ. ಅಲ್ಲಿ ನಾ ಕುಂದರ್ತಿದ್ದೆ."

ಅಷ್ಟು ಹೇಳಿ, ಮಾಮಾ ಕೂರುತ್ತಿದ್ದ ಜಾಗದಲ್ಲಿ ಕುಳಿತೇ, ಜಾಕೆಟ್ಟಿನೊಳಗೆ ಮುಖ ಹುದುಗಿಸಿ ಅತ್ತಳು. ಎಲ್ಲರ ಎದುರು, ದನಿ ತೆಗೆದು ಅತ್ತಳು. ಮೈದುನ ಚೀಲವನ್ನು ಮೆಲ್ಲಗೆ ಮತ್ತೆ ಹಲಗೆಯ ಮೇಲೆ ಇಟ್ಟು, ವಾಲದ ಹಾಗೆ ಸರಿಮಾಡಿದ. ಆಮೇಲೆ ನಾವಿಬ್ಬರೂ ಹಾಗೇ, ಭಾರ ಇಳಿಸದೆಯೇ, ದೋಣಿಯನ್ನು ದಂಡೆಗೆ ಎಳೆದೆವು.