ಮುಟ್ಟದೆ ಬಿಟ್ಟ ಎಲೆ

ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಬಾಯಿಬಿಟ್ಟು "ಬೇಡ" ಅಂದಿದ್ದನ್ನು ನಾನು ಚಿಕ್ಕಂದಿನಲ್ಲಿ ಕೇಳಿಲ್ಲ. ಹಾಗಂತ ಎಲ್ಲದಕ್ಕೂ ಗೋಣು ಆಡಿಸುವ ಜನ ನಾವಲ್ಲ. ಏನಾದರೂ ಕೇಳಲು ಬಂದವರು ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ಮಾತು ತೆಗೆಯುತ್ತಾರೆ. ಒಪ್ಪಿಗೆ ಇದ್ದರೆ ಮನೆಯ ಹಿರೀಕರು ಎಲೆ ಎತ್ತಿಕೊಳ್ಳುತ್ತಾರೆ. ಇಲ್ಲದಿದ್ದರೆ ತಟ್ಟೆ ಇಟ್ಟಲ್ಲೇ ಇರುತ್ತದೆ, ಮಾತು ಮಳೆ ಬೆಳೆಯ ಕಡೆಗೆ ಹೊರಳುತ್ತದೆ. ಬಂದವರಿಗೂ ಗೊತ್ತಾಗುತ್ತದೆ, ಕಾಫಿ ಕುಡಿದು ಎದ್ದು ಹೋಗುತ್ತಾರೆ.

ಒಮ್ಮೆ ಎಚ್.ಡಿ. ಕೋಟೆ ಕಡೆಯಿಂದ ದೂರದ ನೆಂಟರೊಬ್ಬರು ಅಪ್ಪನ ಜೋಡಿ ಎತ್ತು ಕೇಳಲು ಬಂದಿದ್ದರು. ಎತ್ತಿನ ಮೇಲೆ ಅಪ್ಪನಿಗೆ ಜೀವ. ಎಲೆ ಮುಟ್ಟಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಆ ನೆಂಟರು ಉಂಡು, ಅಡ್ಡಾಗಿ, ಸಂಜೆ ತಮ್ಮ ಕಡೆಯ ಹ್ಯಾಂಡ್‌ಪೋಸ್ಟಿನ ಬಸ್ಸು ಹತ್ತಿ ಹೋದರು. ಮುಂದಿನ ಬಿತ್ತನೆಗೆ ಅವರೇ ನಮಗೆ ರಾಗಿ ಬೀಜ ಕಳಿಸಿದರು. ಒಂದು ಮಾತೂ ಕೆಡದೆ ಒಂದು ವ್ಯವಹಾರ ಮುರಿದುಬಿತ್ತು. ಇದಕ್ಕಿಂತ ಮರ್ಯಾದೆಯ ನಿರಾಕರಣೆಯನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ನಾನು ಈಗ ಹುಣಸೂರಿನಲ್ಲಿದ್ದೇನೆ. ಅಕ್ಕನನ್ನು ಅದೇ ತಾಲೂಕಿನ ಒಂದು ಹಳ್ಳಿಗೆ ಕೊಟ್ಟಿದ್ದು. ಭಾವ ತೀರಿಕೊಂಡ ಮೇಲೆ ಜಮೀನೆಲ್ಲ ಅವಳದೇ ಉಸ್ತುವಾರಿ. ಅವರ ಹೊಲದ ತಲೆಯ ಮೇಲೆ ಒಂದು ಮೊರಂ ಮಣ್ಣಿನ ಗುಡ್ಡ, ಗುಡ್ಡದ ಬುಡಕ್ಕೆ ಒಂದು ಕಟ್ಟೆ. ಗುಡ್ಡದ ಮೇಲೆ ಬಿದ್ದ ಮಳೆ ಇಳಿದು ಆ ಕಟ್ಟೆ ಸೇರುತ್ತದೆ. ಸುತ್ತಲಿನ ಬೋರುಗಳು ಕೈಕೊಟ್ಟಾಗಲೂ ಬೇಸಿಗೆಯಲ್ಲಿ ಅಲ್ಲಿ ಮೊಣಕಾಲುದ್ದ ನೀರು ಇರುತ್ತದೆ. ಅಕ್ಕ ಅದನ್ನು ಹೊತ್ತು ಹಾಕಿ ಹೊಗೆಸೊಪ್ಪಿನ ಸಸಿ ಮಡಿ ಬೆಳೆಸುತ್ತಾಳೆ. ಸಸಿ ಎದ್ದರೆ ಆ ವರ್ಷದ ಬದುಕು ಎದ್ದಂತೆ. ಕಟ್ಟೆ ಹೋದರೆ ಅವಳ ಕೈಯಲ್ಲಿ ಉಳಿಯುವುದು ಕೂಲಿಯ ಕುಡುಗೋಲು ಮಾತ್ರ.

ಒಂದು ದಿನ ಬಿಳಿ ಜೀಪಿನಲ್ಲಿ ನಾಲ್ಕಾರು ಜನ ಬಂದು ಗುಡ್ಡ ಹತ್ತಿ ಇಳಿದರು. ಅಕ್ಕ ಮಜ್ಜಿಗೆ ಕೊಟ್ಟು ಏನು ಸಮಾಚಾರ ಅಂತ ಕೇಳಿದಳು. "ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದ್ವಿ ಅಮ್ಮ" ಅಂದರಂತೆ. ಸುಮ್ಮನೆ ನೋಡಿಕೊಂಡು ಹೋಗುವವರು ಗೂಟ ಹೊಡೆದು ಕೆಂಪು ಬಣ್ಣ ಬಳಿಯುವುದಿಲ್ಲ. ಸಂಜೆಯೇ ನನಗೆ ಫೋನ್ ಬಂತು.

"ಮಜ್ಗೆ ಕುಡುದ್ರು, ಮಕ ಕೊಟ್ಟು ಮಾತಾಡ್ನಿಲ್ಲ ಕಣ್ಲಾ. ನಂಗ್ಯಾಕೋ ಸರಿ ಕಾಣ್ತಾ ಇಲ್ಲ" ಅಂದಳು.

ಅನುಮಾನಪಡುವುದರಲ್ಲಿ ನಮ್ಮ ಮನೆತನದವರನ್ನು ಮೀರಿಸುವವರಿಲ್ಲ. ಬಸ್ ಕಂಡಕ್ಟರ್ ಸರಿಯಾಗಿ ಚಿಲ್ಲರೆ ಕೊಟ್ಟರೂ ಇವನು ಯಾಕೆ ಇಷ್ಟು ಒಳ್ಳೆಯವನಾದ ಅಂತ ಯೋಚಿಸುವವನು ನಾನು. ಹೋಗಿ ವಿಚಾರಿಸಿದೆ. ವಿಮಾನ ನಿಲ್ದಾಣ ದೊಡ್ಡದಾಗುತ್ತದಂತೆ, ವಿಮಾನ ಇಳಿಯುವ ದಾರಿಯನ್ನು ಉದ್ದ ಮಾಡುತ್ತಾರಂತೆ, ಅಲ್ಲಿನ ತಗ್ಗು ತುಂಬಲು ಮಣ್ಣು ಬೇಕಂತೆ. ಆ ಮಣ್ಣು ಅಕ್ಕನ ಗುಡ್ಡದ್ದು. ನಮ್ಮವರಲ್ಲಿ ವಿಮಾನ ಹತ್ತಿದವರು ಯಾರೂ ಇಲ್ಲ. ಗುಡ್ಡಕ್ಕೆ ಮಾತ್ರ ಆ ಯೋಗ ಬಂದಿತ್ತು.

ಪಂಚಾಯಿತಿ ಕಚೇರಿಯಲ್ಲಿ ಪರಿಸರದ ವರದಿ ಇಟ್ಟಿದ್ದರು. ಇಂಗ್ಲಿಷಿನದು ದಿಂಬಿನಷ್ಟು ದಪ್ಪ, ಕನ್ನಡದ ಸಾರಾಂಶ ಲಗ್ನಪತ್ರಿಕೆಯಷ್ಟು ತೆಳ್ಳಗೆ. ಅದರಲ್ಲಿ ಗುಡ್ಡ ಇತ್ತು, ರಸ್ತೆ ಇತ್ತು, ಲಾರಿ ಓಡಾಡುವಾಗ ನೀರು ಚಿಮುಕಿಸಿ ಧೂಳು ಅಡಗಿಸುತ್ತೇವೆ ಅನ್ನುವ ಭರವಸೆಯೂ ಇತ್ತು. ಕಟ್ಟೆ ಮಾತ್ರ ಇರಲಿಲ್ಲ. ಅದರ ಏರಿಯ ಮೇಲೆ ಕೂತೇ ಅವರು ಮಜ್ಜಿಗೆ ಕುಡಿದಿದ್ದು. ಕಟ್ಟೆ ಅವರ ಕಣ್ಣಿಗೆ ಬೀಳಲಿಲ್ಲವೋ, ಬಿದ್ದದ್ದು ಬೇಕಿರಲಿಲ್ಲವೋ, ನನಗೆ ಈಗಲೂ ಗೊತ್ತಿಲ್ಲ.

ಊರವರ ಅಭಿಪ್ರಾಯ ಕೇಳಲು ಸಾರ್ವಜನಿಕ ಆಲಿಕೆ ಸಭೆ ಅಂತ ಒಂದು ದಿನ ಗೊತ್ತುಮಾಡಿದರು. ಹಿಂದಿನ ದಿನ ಅಕ್ಕನ ಊರಿನವರು ಅರಳಿಕಟ್ಟೆಯಲ್ಲಿ ಕೂತು ಮಾತಾಡಿದರು. ಯಾವ ಹಾಳೆಗೂ ಸೈ ಹಾಕಬಾರದು, ಊಟದ ಪೊಟ್ಟಣಕ್ಕೆ ಕೈ ಒಡ್ಡಬಾರದು, ಫೋಟೋ ತೆಗೆಯುವವನ ಮುಂದೆ ನಗಬಾರದು. ಹೀಗೆ ಅನುಮಾನಕ್ಕೆ ಕೈಕಾಲು ಬರುತ್ತಾ ಹೋಯಿತು. ಎಲ್ಲಕ್ಕೂ ನಾನೂ ತಲೆಯಾಡಿಸಿದೆ.

ಮಾರನೆಯ ದಿನ ಶಾಲೆಯ ಬಯಲಿನಲ್ಲಿ ಶಾಮಿಯಾನ ಎದ್ದಿತ್ತು. ಬಾಗಿಲಲ್ಲೇ ಒಂದು ಮೇಜು. ಮೇಜಿನ ಮೇಲೆ ಕುಂಕುಮ, ಕಲ್ಲುಸಕ್ಕರೆ, ದೊಡ್ಡ ಹಿತ್ತಾಳೆ ತಟ್ಟೆಯ ತುಂಬ ಎಲೆ ಅಡಿಕೆ. ಮದುವೆ ಮನೆಯಲ್ಲಿ ಇಡುವಂತೆ ಶಾಮಿಯಾನದವನು ರೂಢಿಯ ಮೇಲೆ ಇಟ್ಟಿದ್ದನೋ, ಯಾರಾದರೂ ಹೇಳಿ ಇಡಿಸಿದ್ದರೋ. ಅಕ್ಕನ ಊರಿನಲ್ಲೂ ನಮ್ಮ ಮನೆಯದೇ ಪದ್ಧತಿ. ನಮ್ಮವರು ಇಟ್ಟ ಹೆಜ್ಜೆ ಅಲ್ಲೇ ನಿಲ್ಲಿಸಿದರು.

"ನೋಡ್ದೇನ್ಲಾ? ಬಾಗ್ಲಲ್ಲೇ ಕೇಳ್ತಾವ್ರೆ" ಅಂದಳು ಅಕ್ಕ, ನನ್ನ ಕಿವಿಯ ಹತ್ತಿರ.

ನನಗೂ ಹಾಗೇ ಅನ್ನಿಸಿತು. ಎಲೆ ಎತ್ತಿಕೊಂಡರೆ ಒಪ್ಪಿದಂತೆ, ನಾಳೆ ಫೋಟೋ ತೋರಿಸಿ ನೀವೇ ತಗೊಂಡಿರಲ್ಲ ಅಂತಾರೆ. ಎಂಥ ಘಾಟಿಗಳು ಅಂದುಕೊಂಡೆ. ಅಕ್ಕ ಸೆರಗು ಹೊದ್ದು ತಟ್ಟೆಯ ಮುಂದೆ ಒಂದು ಗಳಿಗೆ ನಿಂತಳು, ಎಲ್ಲರಿಗೂ ಕಾಣುವ ಹಾಗೆ. ಮುಟ್ಟದೆ ಒಳಗೆ ಹೋದಳು. ಅವಳ ಹಿಂದೆ ಊರಿಗೆ ಊರೇ ಹಾಗೆ ಹೋಯಿತು. ಬೇರೆ ಊರಿನ ಕೆಲವರು ಎಲೆ ಮಡಚಿ ಬಾಯಿಗಿಟ್ಟುಕೊಂಡರು. ಅವರನ್ನು ನಮ್ಮವರು ನೋಡಿದ ರೀತಿ ನೆನೆದರೆ ಈಗಲೂ ನಗು ಬರುತ್ತದೆ.

ಸಭೆ ಶುರುವಾಯಿತು. ಪರದೆಯ ಮೇಲೆ ಬಣ್ಣದ ಚಿತ್ರಗಳು ಬಂದವು. ಎಲೆ ಹಾಕಿಕೊಂಡವರಲ್ಲಿ ಒಬ್ಬರು ಎದ್ದು ರಸ್ತೆ ಕೇಳಿದರು, ಇನ್ನೊಬ್ಬರು ಊರಿನ ಹುಡುಗರಿಗೆ ಕೆಲಸ ಕೇಳಿದರು. ವೇದಿಕೆಯ ಮೇಲಿದ್ದ ಅಧಿಕಾರಿ ಮೈಕು ಹಿಡಿದು, "ಇನ್ಯಾರಾದ್ರೂ ಮಾತಾಡೋರಿದ್ದೀರಾ? ಆಕ್ಷೇಪ ಇದ್ರೆ ಹೇಳ್ಬೋದು" ಅಂತ ಕೇಳಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದರು. ನಮ್ಮವರು ಒಬ್ಬರ ಮುಖ ಒಬ್ಬರು ನೋಡಿ ತುಟಿಯಂಚಿನಲ್ಲೇ ನಕ್ಕರು. ತಟ್ಟೆ ಹಾಗೇ ಇರುವುದನ್ನು ನೋಡದೆ ಮತ್ತೆ ಮತ್ತೆ ಮಾತು ತೆಗೆಯುವ ನೆಂಟರನ್ನು ಕಂಡು ನಗುತ್ತೇವಲ್ಲ, ಹಾಗೆ. ಹೇಳುವುದನ್ನು ಬಾಗಿಲಲ್ಲೇ ಹೇಳಿ ಬಂದಿದ್ದೆವು. ಎರಡನೆಯ ಸಲ ಹೇಳಿದರೆ ಬಂದವರಿಗೆ ಅವಮಾನ.

ಆಮೇಲೆ ಆ ಅಧಿಕಾರಿ ಸಭೆಯ ನಡಾವಳಿ ಓದಿದರು. ರಸ್ತೆಯ ಬೇಡಿಕೆ ಬಂತು, ಕೆಲಸದ ಬೇಡಿಕೆ ಬಂತು. ಕೊನೆಗೆ, "ಸಭೆಗೆ ಹಾಜರಿದ್ದ ಸಾರ್ವಜನಿಕರಿಂದ ಯೋಜನೆಗೆ ಯಾವುದೇ ಆಕ್ಷೇಪಣೆ ವ್ಯಕ್ತವಾಗಿರುವುದಿಲ್ಲ."

ಸೈ, ಊಟ, ಫೋಟೋ ಅಂತ ಎಲ್ಲ ಕಡೆ ಕಾವಲು ಕೂತಿದ್ದ ನಾವು ಸುಮ್ಮನಿರುವುದೂ ಒಂದು ಉತ್ತರವಾಗಿ ದಾಖಲಾಗುತ್ತದೆ ಅನ್ನುವುದನ್ನು ಯೋಚಿಸಿಯೇ ಇರಲಿಲ್ಲ.

ಅಕ್ಕ ಎದ್ದಳು. "ಅದೆಂಗೆ ಸ್ವಾಮಿ? ಬಾಗ್ಲಲ್ಲಿರೋ ತಟ್ಟೆ ಒಸಿ ನೋಡ್ಕೊಂಡು ಬನ್ನಿ. ನಮ್ಮೂರೋರು ಒಬ್ರೂ ಎಲೆ ಮುಟ್ಟಿಲ್ಲ."

"ಎಲೆ ಅಡಿಕೆ ಸಿಕ್ಕಿಲ್ವಾ ಅಮ್ಮ?" ಅಂದರು ಅಧಿಕಾರಿ. ಪಾಪ, ನಿಜವಾದ ಕಾಳಜಿಯಿಂದಲೇ ಕೇಳಿದಂತಿತ್ತು. ಪಕ್ಕದವರಿಗೆ ಸನ್ನೆ ಮಾಡಿದರು. ಯಾರೋ ಓಡಿಹೋಗಿ ಆ ಹಿತ್ತಾಳೆ ತಟ್ಟೆಯನ್ನೇ ಎತ್ತಿಕೊಂಡು ಬಂದು ಅಕ್ಕನ ಮುಂದೆ ಹಿಡಿದರು.

ಇಡೀ ಶಾಮಿಯಾನ ಅವಳನ್ನೇ ನೋಡುತ್ತಿತ್ತು. ಮುಂದೆ ತಟ್ಟೆ, ತಟ್ಟೆಯ ಪಕ್ಕಕ್ಕೆ ಇನ್ನೊಬ್ಬರು ತಂದು ಹಿಡಿದ ಮೈಕು. ಮದುವೆಯಾಗಿ ಬಂದ ಮನೆಯಲ್ಲಿ, ಭಾವನ ಅಣ್ಣತಮ್ಮಂದಿರ ಮುಂದೆ, ಪಾಲು ಆಗುವಾಗಲೂ ಅವಳು ಆ ಮಾತು ಆಡಿದವಳಲ್ಲ.

"ಬ್ಯಾಡ" ಅಂದಳು.

"ಏನು ಬೇಡ ಅಮ್ಮ? ಎಲೆನಾ?"

"ಗುಡ್ಡ ಕಡಿಯೋದು ಬ್ಯಾಡ. ಗುಡ್ಡದ ಬುಡುಕ್ಕೆ ಕಟ್ಟೆ ಅದೆ, ಅದ್ರ ನೀರ್ನಾಗೆ ನನ್ನ ಸಸಿ ಅವೆ. ನಿಮ್ಮೋರು ಅಲ್ಲೇ ಕೂತ್ಕಂಡು ಮಜ್ಗೆ ಕುಡುದವ್ರೆ. ಬ್ಯಾಡ ಕಣ್ರೀ, ಬ್ಯಾಡ."

ಅವಳು ಕೂತ ಮೇಲೆ ಅವಳ ಊರಿನ ಒಬ್ಬೊಬ್ಬರೇ ಎದ್ದು "ನಂಗೂ ಬ್ಯಾಡ" ಅಂದರು, ನಾಚಿಕೆಯಿಂದ, ನೆಲ ನೋಡಿಕೊಂಡು. ಅಧಿಕಾರಿ ಗಡಿಯಾರ ನೋಡಿದರು. ಓದಿ ಆಗಿದೆ, ಆದರೂ ಸೇರಿಸುತ್ತೇವೆ ಅಂದರು. ಪೆನ್ನು ಓಡಿದ್ದನ್ನು ನಾನು ನೋಡಿದೆ. ಏನನ್ನು ಬರೆಯಿತೋ ನೋಡಲಿಲ್ಲ.

ಇಲ್ಲಿಯವರೆಗೆ ಯಾವ ತೀರ್ಮಾನವೂ ಬಂದಿಲ್ಲ. ಕೆಂಪು ಗೂಟಗಳು ಗುಡ್ಡದ ಮೇಲೆ ಹಾಗೇ ಇವೆ. ಲಾರಿ ಸದ್ದು ಕೇಳಿದರೆ ಅಕ್ಕ ಕೈಯಲ್ಲಿದ್ದ ಕೆಲಸ ಬಿಟ್ಟು ರಸ್ತೆಗೆ ಬರುತ್ತಾಳೆ. ಒಮ್ಮೆ ಗೊಬ್ಬರದ ಲಾರಿಯನ್ನೂ ಅಡ್ಡಗಟ್ಟಿ, ಎಲ್ಲಿಗೆ, ಯಾಕೆ, ಯಾರು ಕಳಿಸಿದ್ದು ಅಂತ ಕೇಳಿದ್ದಳು. ಅಷ್ಟಕ್ಕೆ ನಾನೇನೂ ತಲೆ ಕೆಡಿಸಿಕೊಳ್ಳಲಿಲ್ಲ. ತಲೆ ಕೆಟ್ಟಿದ್ದು ಆಮೇಲೆ.

ಕೆ.ಆರ್. ನಗರದಲ್ಲಿ ನಮ್ಮ ಸೋದರಮಾವ ಇದ್ದಾರೆ. ಅಪ್ಪ ಅಮ್ಮ ಹೋದ ಮೇಲೆ ಅಕ್ಕನಿಗೆ ತವರು ಅಂದರೆ ಅವರೇ. ಗೌರಿ ಹಬ್ಬದ ಬಾಗಿನವನ್ನು ಒಂದು ವರ್ಷವೂ ತಪ್ಪಿಸಿದವರಲ್ಲ, ಬಸ್ಸಿನಲ್ಲಿ ಮೊರ ತೊಡೆಯ ಮೇಲಿಟ್ಟುಕೊಂಡು ತಾವೇ ಬರುತ್ತಿದ್ದರು. ಹಬ್ಬಕ್ಕೆ ಮುಂಚೆ ಒಂದು ಭಾನುವಾರ ಅವರು ತಮ್ಮ ಮಗಳ ಮಗನಿಗೆ ಅಕ್ಕನ ಮಗಳನ್ನು ಕೇಳಲು ಬಂದರು. ನಾನೂ ಅಲ್ಲಿದ್ದೆ. ಮಗಳಿಗೆ ಇಷ್ಟವಿಲ್ಲ ಅನ್ನುವುದು ನಮಗೆ ಗೊತ್ತಿತ್ತು. ಮಾವ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು, ಪದ್ಧತಿಯಂತೆ ನಾಲೆ ನೀರಿನ ಮಾತಿನಿಂದ ಶುರುಮಾಡಿ, ಮೆಲ್ಲಗೆ ವಿಷಯಕ್ಕೆ ಬಂದರು. ನಾನು ಮಳೆಯ ಮಾತು ತೆಗೆಯಲು ಬಾಯಿ ತೆರೆದಿದ್ದೆ.

"ಬ್ಯಾಡ ಮಾವ" ಅಂದಳು ಅಕ್ಕ. ನೇರವಾಗಿ, ಮೈಕಿಗೆ ಹೇಳಿದಂತೆ.

ಮಾವನ ಮುಖ ನೋಡಲು ನನಗೆ ಆಗಲಿಲ್ಲ. ಅಷ್ಟು ವಯಸ್ಸಿನಲ್ಲಿ ಅವರಿಗೆ ಯಾರೂ ಆ ಮಾತನ್ನು ಎದುರಿಗೆ ಅಂದಿರಲಿಕ್ಕಿಲ್ಲ. ಕಾಫಿ ಅರ್ಧಕ್ಕೇ ಬಿಟ್ಟು ಟವಲ್ಲು ಕೊಡವಿಕೊಂಡು ಎದ್ದರು. ಬಸ್ಸಿನವರೆಗೆ ಜೊತೆಗೆ ಹೋದೆ, ಅವರು ಹಿಂತಿರುಗಿ ನೋಡದೆ ಹತ್ತಿದರು.

ಈ ವರ್ಷ ಗೌರಿ ಹಬ್ಬಕ್ಕೆ ಬಾಗಿನ ಬರಲಿಲ್ಲ. ಅಕ್ಕ ಬೆಳಿಗ್ಗೆಯಿಂದ ಮೂರ್ನಾಲ್ಕು ಸಲ ಬಾಗಿಲಿಗೆ ಬಂದು ಬಸ್ಸು ಬರುವ ಕಡೆ ನೋಡಿದಳು. ಕೊನೆಗೆ ಕೂತು ಅತ್ತಳು. ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು.

"ಎಲೆ ಮುಟ್ದೆ ಸುಮ್ಕಿದ್ದಿದ್ರೆ ಆಗ್ತಿತ್ತಲ್ಲಕ್ಕ. ಮಾವುಂಗೆ ಅರ್ಥ ಆಗ್ತಿರ್ಲಿಲ್ವಾ?"

"ಸುಮ್ಕಿದ್ರೆ ಒಪ್ಪವ್ರೆ ಅಂತ ಅನ್ಕಂಡ್ಬುಟ್ರೆ?"

"ಅವ್ರು ಮಾವ ಕಣಕ್ಕ. ಆಫೀಸ್ನೋರಲ್ಲ."

ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು ನನ್ನನ್ನೇ ದಿಟ್ಟಿಸಿದಳು. ಬಿಳಿ ಜೀಪಿನವರನ್ನು ನೋಡುವ ಹಾಗೆಯೇ ಇತ್ತು ಆ ನೋಟ.

"ಮಾವ ಏನಾರ ನಿನ್ನ ಕಳಿಸವ್ರಾ?" ಅಂದಳು.